ಜಮಖಾನದಿಂದ ಶುರು ಮಾಡಿ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ಫಿಲಡೆಲ್ಫಿಯಾದ ಒಂದು ಸರ್ಕಾರಿ ಶಾಲೆಯ ಟೀಚರುಗಳ ಕತೆ ಹೇಳುವ ಅಮೆರಿಕದ ಹಾಸ್ಯ ಧಾರಾವಾಹಿ ‘ಅಬಾಟ್ ಎಲಿಮೆಂಟರಿ’ಯ ಬಗ್ಗೆ ನೀವು ಕಳಿಸಿದ ‘ನಗುವಿನ ಹಿಂದಿನ ಕಣ್ಣೀರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪತ್ರಿಕೆಗೆ ಹಾಕುವುದು ಆಗುವುದಿಲ್ಲ. ಆದರೆ ಐದನೇ ಪುಟದಲ್ಲಿ ನಾಲ್ಕು ಸಾಲುಗಳಿವೆ. ಈ ಕಾಗದ ಬರೆಯಲು ಕೂತದ್ದೇ ಅವುಗಳ ಸಲುವಾಗಿ. ಅವಕ್ಕೆ ಆಮೇಲೆ ಬರುತ್ತೇನೆ.

ಮೊದಲು ತಪ್ಪುಗಳನ್ನು ಮುಗಿಸಿಬಿಡೋಣ. ಧಾರಾವಾಹಿಗೆ ‘ಅತ್ಯುತ್ತಮ ಹಾಸ್ಯ ಸರಣಿ’ ಎಂಬ ಎಮ್ಮಿ (ಅಮೆರಿಕದ ಟಿವಿ ಪ್ರಶಸ್ತಿ) ಬಂದಿದೆ ಅಂತ ಬರೆದಿದ್ದೀರಿ. 2022ರಲ್ಲಿ ಅದು ಹೋದದ್ದು ‘ಟೆಡ್ ಲಾಸೋ’ ಎಂಬ ಇನ್ನೊಂದು ಧಾರಾವಾಹಿಗೆ. ಆ ವರ್ಷ ಅಬಾಟ್‌ಗೆ ಬಂದ ಎಮ್ಮಿಗಳು ಬರವಣಿಗೆಗೆ, ಪಾತ್ರವರ್ಗದ ಆಯ್ಕೆಗೆ ಮತ್ತು ಹಿರಿಯ ಟೀಚರ್ ಬಾರ್ಬರಾಳ ಪಾತ್ರ ಮಾಡಿದ ಶೆರಿಲ್ ಲೀ ರಾಲ್ಫ್ ಅವರಿಗೆ. ಅತ್ಯುತ್ತಮ ಹಾಸ್ಯ ಸರಣಿ ಅಂತ ಗೌರವಿಸಿದ್ದು ಗೋಲ್ಡನ್ ಗ್ಲೋಬ್, 2023ರ ಜನವರಿಯಲ್ಲಿ. ಇನ್ನೊಂದು ತಪ್ಪು ನನಗೆ ಹೆಚ್ಚು ನೋವು ಕೊಟ್ಟಿತು. ಅಬಾಟ್ ಎಂಬುದು ಧಾರಾವಾಹಿಯನ್ನು ಸೃಷ್ಟಿಸಿದ ಕ್ವಿಂಟಾ ಬ್ರನ್ಸನ್ ಅವರ ತಾಯಿಯ ಹೆಸರು ಅಂದಿದ್ದೀರಿ. ತಾಯಿ ಫಿಲಡೆಲ್ಫಿಯಾದಲ್ಲಿ ಹತ್ತಿರಹತ್ತಿರ ನಲವತ್ತು ವರ್ಷ ಚಿಕ್ಕ ಮಕ್ಕಳಿಗೆ ಪಾಠ ಹೇಳಿದವರು ಎನ್ನುವುದು ನಿಜ. ಅಬಾಟ್ ಎಂಬ ಹೆಸರು ಮಾತ್ರ ಕ್ವಿಂಟಾಗೆ ಆರನೇ ತರಗತಿಯಲ್ಲಿ ಕಲಿಸಿದ ಜಾಯ್ಸ್ ಅಬಾಟ್ ಎಂಬ ಶಿಕ್ಷಕಿಯದು. ಒಬ್ಬ ಹುಡುಗಿ ದೊಡ್ಡವಳಾಗಿ ತನ್ನ ಟೀಚರ ಹೆಸರನ್ನು ಒಂದು ಶಾಲೆಯ ಬೋರ್ಡಿನ ಮೇಲೆ ಬರೆಸಿದಳು. ನಿಮ್ಮ ಲೇಖನಕ್ಕೆ ಇದಕ್ಕಿಂತ ಒಳ್ಳೆಯ ಸಂಗತಿ ಬೇಕಿತ್ತೇ? ಅದು ನಿಮ್ಮ ಕೈಗೆ ಬಂದು ಜಾರಿಹೋಗಿದೆ.

ಇನ್ನು ಪದಗಳು. ‘ಸ್ಕೂಲ್ ಡಿಸ್ಟ್ರಿಕ್ಟ್’ ಎಂಬುದನ್ನು ‘ಜಿಲ್ಲಾಡಳಿತ’ ಮಾಡಿದ್ದೀರಿ. ಓದುಗರ ಕಣ್ಣಿಗೆ ತಕ್ಷಣ ಡಿಸಿ ಕಚೇರಿ ಬರುತ್ತದೆ. ಅಮೆರಿಕದಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಎಂದರೆ ಶಾಲೆಗಳನ್ನು ನಡೆಸುವುದಕ್ಕೆಂದೇ ಇರುವ ಬೇರೆ ಮಂಡಳಿ, ಅದಕ್ಕೆ ಅದರದೇ ಬಜೆಟ್ಟು. ‘ಚಾರ್ಟರ್ ಸ್ಕೂಲ್’ಗೆ ನೀವು ಬರೆದ ‘ಖಾಸಗಿ ಶಾಲೆ’ಯೂ ಸರಿಯಲ್ಲ. ಅದು ಸಾರ್ವಜನಿಕ ದುಡ್ಡಿನಲ್ಲಿ ನಡೆಯುವ, ಆಡಳಿತ ಬೇರೆಯವರ ಕೈಯಲ್ಲಿರುವ, ಫೀಸಿಲ್ಲದ ಶಾಲೆ. ಎರಡನೇ ಸೀಸನ್‌ನಲ್ಲಿ ಅಬಾಟ್ ಶಾಲೆಯನ್ನು ಅಂಥ ಒಂದು ಸಂಸ್ಥೆ ನುಂಗಲು ಬರುತ್ತದಲ್ಲ, ಆ ಭಯ ಇಷ್ಟು ಗೊತ್ತಿಲ್ಲದ ಓದುಗರಿಗೆ ತಾಕುವುದೇ ಇಲ್ಲ. ಗ್ರೆಗರಿಯನ್ನು ‘ಅತಿಥಿ ಶಿಕ್ಷಕ’ ಅಂದಿದ್ದೀರಿ. ನಮ್ಮ ಅತಿಥಿ ಶಿಕ್ಷಕರು ಖಾಲಿ ಹುದ್ದೆಯಲ್ಲಿ ವರ್ಷವಿಡೀ ದುಡಿಯುವವರು. ಗ್ರೆಗರಿ ‘ಸಬ್‌ಸ್ಟಿಟ್ಯೂಟ್’, ಅಂದರೆ ಟೀಚರು ಇಲ್ಲದ ದಿನಗಳ ಮಟ್ಟಿಗೆ ಬಂದು ಹೋಗುವವನು. ಬಂದವನು ಹೋಗದೆ ಉಳಿಯುವುದೇ ಅವನ ಕತೆ. ಹಾಗೆಯೇ ಮಿಸ್ಟರ್ ಜಾನ್ಸನ್ ‘ಜವಾನ’ ಅಲ್ಲ, ಕಟ್ಟಡವನ್ನು ಗುಡಿಸಿ ಒರೆಸಿ ರಿಪೇರಿ ಮಾಡುವವನು. ನಿಖರವಾದ ಕನ್ನಡ ಪದ ಸಿಗದ ಕಡೆ ಆ ಮನುಷ್ಯ ಮಾಡುವ ಕೆಲಸವನ್ನೇ ಹೇಳಿಬಿಡಿ, ಸಾಕು.

ಇವೆಲ್ಲ ಒಂದು ಮಧ್ಯಾಹ್ನದಲ್ಲಿ ಸರಿಹೋಗುವಂಥವು. ಲೇಖನದ ನಿಜವಾದ ತೊಂದರೆ ಕನಿಕರ. ‘ಪಾಪ’, ‘ಬಡಪಾಯಿ’, ‘ನತದೃಷ್ಟ ಮಕ್ಕಳು’, ‘ಅಸಹಾಯಕ ಶಿಕ್ಷಕರು’ ಇಂಥ ಮಾತುಗಳು ಹದಿನೇಳು ಕಡೆ ಇವೆ. ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಈ ಧಾರಾವಾಹಿಯನ್ನು ಕನಿಕರದಿಂದ ನೋಡಿದರೆ ಅದರ ಹಾಸ್ಯ ಒಂದೂ ಕಾಣುವುದಿಲ್ಲ. ನಿಮ್ಮ ಒಂಬತ್ತು ಪುಟಗಳಲ್ಲಿ ನನಗೆ ಒಮ್ಮೆಯೂ ನಗು ಬರಲಿಲ್ಲ. ಹಾಸ್ಯ ಧಾರಾವಾಹಿಯ ಬಗ್ಗೆ ಬರೆದ ಲೇಖನದಲ್ಲಿ ಇದು ದೊಡ್ಡ ಕೊರತೆ.

ಮೊದಲ ಕಂತನ್ನು ಮತ್ತೊಮ್ಮೆ ನೋಡಿ. ಎರಡನೇ ತರಗತಿಯ ಟೀಚರ್ ಜನೀನ್‌ಗೆ ಬೇಕಾಗಿರುವುದು ಒಂದು ಜಮಖಾನ. (ನೀವು ‘ಕಾರ್ಪೆಟ್’ ಅಂದಿದ್ದೀರಿ. ಮಕ್ಕಳು ಕೂರುವ, ಮಲಗುವ ನೆಲಹಾಸಿಗೆ ಜಮಖಾನ ಎಂಬ ನಮ್ಮ ಪದ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ.) ಇದ್ದ ಹಳೆಯದರ ಮೇಲೆ ಒಬ್ಬ ಹುಡುಗ ಉಚ್ಚೆ ಹೊಯ್ದಿದ್ದಾನೆ. ಇಡೀ ಕಂತಿನ ಸಂಕಟ ಇಷ್ಟೇ. ಈ ಒಂದು ಜಮಖಾನದ ಸುತ್ತ ಯಾರು ಏನು ಮಾಡುತ್ತಾರೆ ನೋಡುತ್ತಾ ಹೋಗಿ. ಜನೀನ್ ವಿಧೇಯಳಾಗಿ ಬರೆದು ಕೇಳುತ್ತಾಳೆ. ಶಾಲೆಗೆ ದುಡ್ಡು ಬರುತ್ತದೆ. ಹೆಡ್‌ಮಿಸ್ ಅವಾ ಆ ದುಡ್ಡಲ್ಲಿ ತನ್ನದೇ ಮುಖ ಇರುವ ಹೊಸ ಬೋರ್ಡು ಮಾಡಿಸುತ್ತಾಳೆ. ಆ ಕುರ್ಚಿಗೆ ಅರ್ಜಿ ಹಾಕಿ ಕಳೆದುಕೊಂಡ ಗ್ರೆಗರಿ ತುಟಿ ಬಿಚ್ಚದೆ ಕ್ಯಾಮೆರಾ ಕಡೆ ನೋಡುತ್ತಾನೆ. ಕೊನೆಗೆ ಜಮಖಾನ ಬರುವುದು ಇನ್ನೊಬ್ಬ ಟೀಚರ್ ಮೆಲಿಸ್ಸಾಳ ಕೈಯಿಂದ. ಊರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕೆಲಸ ಮಾಡುವ ಅವಳ ‘ಪರಿಚಯದವನು’ ಒಬ್ಬ ಇದ್ದಾನೆ! ಕೊರತೆ ಒಂದೇ, ಅದನ್ನು ಎದುರಿಸುವ ಬಗೆ ಮಾತ್ರ ಒಬ್ಬೊಬ್ಬರದೂ ಬೇರೆ. ನಗು ಹುಟ್ಟುವುದು ಅಲ್ಲಿ. ಇವರಲ್ಲಿ ಅಸಹಾಯಕರು ಯಾರಿದ್ದಾರೆ ಹೇಳಿ? ನೀವು ಈ ಕಂತನ್ನು ‘ಮೂಲಭೂತ ಸೌಕರ್ಯದ ಕೊರತೆಯನ್ನು ಮನಮುಟ್ಟುವಂತೆ ಚಿತ್ರಿಸಲಾಗಿದೆ’ ಎಂಬ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನನ್ನ ಸಲಹೆ: ಪ್ರಶಸ್ತಿಗಳಿಂದ ತೊಡಗುವ ಮೊದಲ ಪುಟವನ್ನು ಪೂರ್ತಿ ತೆಗೆದು, ಲೇಖನವನ್ನು ಈ ಜಮಖಾನದಿಂದ ಶುರು ಮಾಡಿ.

ಕ್ಯಾಮೆರಾದ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಮಾತೂ ಇಲ್ಲ. ಇದು ಸಾಕ್ಷ್ಯಚಿತ್ರದ ವೇಷ ಹಾಕಿದ ಕತೆ. ದುಡ್ಡಿಲ್ಲದ, ಆಡಳಿತ ಕೆಟ್ಟ ಸರ್ಕಾರಿ ಶಾಲೆಗಳ ಬಗ್ಗೆ ಚಿತ್ರ ತೆಗೆಯಲು ಒಂದು ತಂಡ ಬಂದಿದೆ ಎಂಬುದು ಮೊದಲ ಕಂತಿನಲ್ಲೇ ಗೊತ್ತಾಗುತ್ತದೆ. ಅಂದರೆ ಆ ಕ್ಯಾಮೆರಾ ಬಂದದ್ದೇ ಕೊರತೆ ನೋಡುವುದಕ್ಕೆ. ಅದರ ಮುಂದೆ ಈ ಟೀಚರುಗಳು ಜಗಳ ಆಡುತ್ತಾರೆ, ಪಾಠ ಮಾಡುತ್ತಾರೆ, ಪ್ರೀತಿಯಲ್ಲಿ ಬೀಳುತ್ತಾರೆ, ಊಟದ ಡಬ್ಬಿ ಬಿಚ್ಚುತ್ತಾರೆ. ನೋಡಲು ಬಂದವರಿಗೆ ಅವರು ಬೇರೆ ಏನನ್ನೋ ತೋರಿಸುತ್ತಿದ್ದಾರೆ. ನೀವು ಬರೆಯುವಾಗ ಕ್ಯಾಮೆರಾದ ಹಿಂದೆ, ಆ ಚಿತ್ರತಂಡದವರ ಜೊತೆ ನಿಂತಿದ್ದೀರಿ.

ಇದನ್ನು ನನಗಿಂತ ಚೆನ್ನಾಗಿ ಬಾರ್ಬರಾ ಹೇಳುತ್ತಾಳೆ. ಮೊದಲ ಸೀಸನ್‌ನ ಮೂರನೇ ಕಂತಿನಲ್ಲಿ ಟೀಚರುಗಳು ತರಗತಿಗೆ ಬೇಕಾದ ಸಾಮಾನಿನ ಪಟ್ಟಿ ಮಾಡಿ ವಿಡಿಯೋ ಹಾಕುತ್ತಾರೆ, ದಾನಿಗಳು ಕೊಡಿಸುತ್ತಾರೆ. ಬಾರ್ಬರಾ ಇದಕ್ಕೆ ಕೈ ಹಾಕುವುದಿಲ್ಲ, ಇರುವುದರಲ್ಲೇ ಮಾಡಿಕೊಂಡು ಬಂದವಳು. ಜನೀನ್ ಅವಾಳ ಜೊತೆ ಸೇರಿ, ಬಾರ್ಬರಾಗೆ ತಿಳಿಸದೆ ಅವಳ ತರಗತಿಯ ಹೆಸರಲ್ಲಿ ವಿಡಿಯೋ ಮಾಡುತ್ತಾಳೆ. ಉಪಕಾರವೆಂದೇ ಮಾಡಿದ್ದು. ಬಾರ್ಬರಾಗೆ ಸಿಟ್ಟು ಬರುತ್ತದೆ. ತಮ್ಮ ಹತ್ತಿರ ಏನಿಲ್ಲ ಎಂಬುದನ್ನು ಮಕ್ಕಳ ತಲೆಗೆ ತುಂಬಬಾರದು ಎನ್ನುವುದು ಅವಳ ನಿಲುವು. ಈ ಕಂತು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಇದನ್ನು ನೋಡಿದ ಮೇಲೂ ‘ನತದೃಷ್ಟ ಮಕ್ಕಳು’ ಅಂತ ಬರೆಯಲು ನಿಮಗೆ ಕೈ ಬರುತ್ತದೆಯೇ?

ಬಡತನದ ಕಾರಣವನ್ನು ಬಿಟ್ಟುಬಿಡಿ ಅಂತಲ್ಲ. ಅದನ್ನು ಇನ್ನೂ ಬಿಗಿಯಾಗಿ ಹೇಳಬೇಕು. ‘ಶ್ರೀಮಂತ ಅಮೆರಿಕದಲ್ಲೂ ಇಂಥ ಶಾಲೆಗಳೇ!’ ಅಂತ ಆಶ್ಚರ್ಯಪಟ್ಟು ಸುಮ್ಮನಾಗಿದ್ದೀರಿ. ಕಾರಣ ಸ್ಪಷ್ಟವಾಗಿದೆ. ಅಲ್ಲಿ ಶಾಲೆಯ ದುಡ್ಡಿನಲ್ಲಿ ದೊಡ್ಡ ಪಾಲು ಬರುವುದು ಆಯಾ ಊರಿನ ಆಸ್ತಿ ತೆರಿಗೆಯಿಂದ. ಮನೆಗಳಿಗೆ ಬೆಲೆ ಇರುವ ಕಡೆ ಶಾಲೆಗೂ ದುಡ್ಡು, ಇಲ್ಲದ ಕಡೆ ಜಮಖಾನಕ್ಕೂ ಪರದಾಟ. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದ ಕೆಲವು ಸ್ಕೂಲ್ ಡಿಸ್ಟ್ರಿಕ್ಟ್‌ಗಳು, ಪೋಷಕರು 2014ರಲ್ಲಿ ಇದರ ವಿರುದ್ಧ ಕೋರ್ಟಿಗೆ ಹೋದರು. 2023ರ ಫೆಬ್ರವರಿಯಲ್ಲಿ ಅಲ್ಲಿನ ಕಾಮನ್‌ವೆಲ್ತ್ ನ್ಯಾಯಾಲಯ, ಈ ಹಂಚಿಕೆ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಆ ಹೊತ್ತಿಗೆ ಅಬಾಟ್‌ನ ಎರಡನೇ ಸೀಸನ್ ಪ್ರಸಾರವಾಗುತ್ತಿತ್ತು. ಫಿಲಡೆಲ್ಫಿಯಾದ ಡಿಸ್ಟ್ರಿಕ್ಟ್‌ಗಂತೂ ಸ್ವಂತವಾಗಿ ತೆರಿಗೆ ಹಾಕುವ ಅಧಿಕಾರವೂ ಇಲ್ಲ. ನಗರ, ರಾಜ್ಯ ಕೊಟ್ಟದ್ದರಲ್ಲಿ ನಡೆಸಬೇಕು. 2013ರಲ್ಲಿ ಅಲ್ಲಿ ಒಂದೇ ಏಟಿಗೆ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳು ಮುಚ್ಚಿದವು. ಇನ್ನೊಂದು ವಿವರ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಅಮೆರಿಕದ ಆದಾಯ ತೆರಿಗೆ ಕಾನೂನಿನಲ್ಲಿ, ಶಿಕ್ಷಕರು ತರಗತಿಗಾಗಿ ಕೈಯಿಂದ ಹಾಕಿದ ದುಡ್ಡಿಗೆ ವಿನಾಯಿತಿಯ ಒಂದು ಬಾಬ್ತೇ ಇದೆ, 2022ರಲ್ಲಿ ಅದು ವರ್ಷಕ್ಕೆ 300 ಡಾಲರ್‌ವರೆಗೆ ಇತ್ತು. ಟೀಚರು ಕೈಯಿಂದ ಹಾಕಿಯೇ ಹಾಕುತ್ತಾಳೆ ಎಂದು ಸರ್ಕಾರವೇ ಲೆಕ್ಕ ಹಿಡಿದಿದೆ. ಇಂಥ ಒಂದು ಸಂಗತಿ ಹೇಳಿದರೆ ‘ಮನಕಲಕುವ’ ಎಂಬ ವಿಶೇಷಣದ ಅಗತ್ಯ ಬೀಳುವುದಿಲ್ಲ.

ಏಳನೇ ಪುಟದ ‘ನಮ್ಮ ಸರ್ಕಾರಿ ಶಾಲೆಗಳ ಗತಿಯೂ ಇದೇ’ ಎಂಬ ಪ್ಯಾರಾವನ್ನು ಪೂರ್ತಿ ಹೊಡೆದುಹಾಕಿದ್ದೇನೆ. ನಮ್ಮಲ್ಲಿ ಶಾಲೆಗೆ ದುಡ್ಡು ಬರುವ ದಾರಿ ಬೇರೆ, ಕೊರತೆಯ ಬಗೆ ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಎರಡರ ಬಗ್ಗೆಯೂ ಏನೂ ಹೇಳಿದಂತಾಗುವುದಿಲ್ಲ.

ಈಗ ಐದನೇ ಪುಟದ ಆ ನಾಲ್ಕು ಸಾಲು. ನಿಮ್ಮ ತಾಯಿ ಹಳ್ಳಿಯ ಶಾಲೆಯಲ್ಲಿ ಟೀಚರಾಗಿದ್ದರು, ಪ್ರತಿ ಜೂನ್‌ನಲ್ಲಿ ಸಂಬಳ ಬಂದ ದಿನ ಒಂದು ಡಜನ್ ಸ್ಲೇಟು ತಂದು ಅಡುಗೆಮನೆಯ ಅಟ್ಟದ ಮೇಲೆ ಇಡುತ್ತಿದ್ದರು, ಸ್ಲೇಟು ಒಡೆದುಕೊಂಡು ಬರಿಗೈಯಲ್ಲಿ ಬಂದ ಮಗುವಿಗೆ ‘ನಿನ್ನೆ ಇಲ್ಲೇ ಮರೆತು ಹೋಗಿದ್ದೆಯಲ್ಲ, ತಗೋ’ ಅಂತ ಕೊಡುತ್ತಿದ್ದರು ಎಂದು ಬರೆದಿದ್ದೀರಿ. ಇದನ್ನು ಓದಿ ಕಾಗದ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮಗುವಿಗೆ ಸ್ಲೇಟೂ ಸಿಕ್ಕಿತು, ಇಲ್ಲದವನು ಅನ್ನಿಸಿಕೊಳ್ಳುವುದೂ ತಪ್ಪಿತು. ಬಾರ್ಬರಾಳ ಸಿಟ್ಟಿನ ಒಳಗಿರುವುದು ಇದೇ. ನಿಮಗೆ ಈ ಧಾರಾವಾಹಿ ಯಾಕೆ ಅಷ್ಟು ಹಿಡಿಸಿತು ಎನ್ನುವುದು ನನಗೆ ಅರ್ಥವಾದದ್ದು ಅಲ್ಲಿ. ಆದರೆ ನೀವು ಅದರ ಹಿಂದೆಯೇ ‘ಎಂತಹ ತ್ಯಾಗಮಯಿ!’ ಎಂದು ಸೇರಿಸಿ ಆ ಸಾಲುಗಳ ಕುತ್ತಿಗೆ ಹಿಸುಕಿದ್ದೀರಿ. ಅದನ್ನು ದಯವಿಟ್ಟು ತೆಗೆಯಿರಿ. ಇಂಥ ಅಮ್ಮ ಮನೆಯಲ್ಲಿರುವಾಗ ವಿಮರ್ಶಕರಿಂದ ಎರವಲು ತಂದ ಮಾತು ನಿಮಗೆ ಯಾಕೆ ಬೇಕು?

ಕ್ವಿಂಟಾ ಕೂಡ ತಾಯಿಯನ್ನು ನೋಡಿಯೇ ಈ ಕತೆ ಹೊಳೆಯಿಸಿಕೊಂಡವರು. ಪೋಷಕರ ಭೇಟಿಯ ದಿನ ಹೊತ್ತು ಮೀರಿದರೂ ಕಾದು ಕೂತ ತಾಯಿ, ಕಡೆಗಳಿಗೆಯಲ್ಲಿ ಬಂದ ಒಬ್ಬರ ಜೊತೆ ಖುಷಿಯಿಂದ ಮಾತಾಡಿದ್ದನ್ನು ಅವರು ಹೇಳಿಕೊಂಡಿದ್ದಾರೆ. ಹಾಗಾಗಿ ಸ್ಲೇಟಿನ ಪ್ರಸಂಗವನ್ನು ಹೊರಗಿನಿಂದ ತಂದು ಅಂಟಿಸಿದಂತೆ ಆಗುವುದಿಲ್ಲ. ಅದನ್ನು ಬಾರ್ಬರಾಳ ಜಗಳದ ಪಕ್ಕದಲ್ಲಿಡಿ, ನಡುವೆ ವಿವರಣೆ ಬೇಡ.

ಒಂಬತ್ತು ಪುಟ ಐದಕ್ಕೆ ಇಳಿಯಲಿ. ಮುಂದಿನ ತಿಂಗಳ 10ರೊಳಗೆ ಕೈಸೇರಿದರೆ ನಾನೇ ಕೂತು ತಿದ್ದುತ್ತೇನೆ. ಬರೆಯುವ ಮುಂಚೆ ಒಮ್ಮೆ ಅಮ್ಮನನ್ನು ಕೇಳಿ, ಆಗ ಒಂದು ಡಜನ್ ಸ್ಲೇಟಿಗೆ ಎಷ್ಟಾಗುತ್ತಿತ್ತು, ಅವರ ಸಂಬಳ ಎಷ್ಟಿತ್ತು ಅಂತ. ಎರಡೂ ಅಂಕಿಗಳು ಲೇಖನದಲ್ಲಿ ಬೇಕು.

ವಿಶ್ವಾಸದಿಂದ,
ಸಂಪಾದಕ