ಓದುಗರ ಪ್ರಶ್ನೆ: ತುದಿಯೇ ಕಾಣದ ಬೆಟ್ಟ, ಕಿಂಡರ್ ಸ್ಕೌಟ್

ಪ್ರಶ್ನೆ: ಡಿಸೆಂಬರಿನಲ್ಲಿ ಮಗಳ ಮನೆಗೆಂದು ಮ್ಯಾಂಚೆಸ್ಟರಿಗೆ ಹೋಗುತ್ತಿದ್ದೇನೆ. ಕುಮಾರ ಪರ್ವತ ಎರಡು ಸಲ ಹತ್ತಿದ್ದೇನೆ. ಅಲ್ಲಿಗೆ ಹತ್ತಿರದ ಕಿಂಡರ್ ಸ್ಕೌಟ್ ಬೆಟ್ಟ ಬರೀ 636 ಮೀಟರ್ ಅಂತೆ. ಅರ್ಧ ದಿನ ಸಾಕಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ಬೆಂಗಳೂರು ಅದಕ್ಕಿಂತ ಎತ್ತರದಲ್ಲಿದೆ, ನಿಜ. ಆದರೆ ಅಲ್ಲಿ ದಣಿಸುವುದು ಎತ್ತರವಲ್ಲ. ನೆಲ, ಗಾಳಿ ಮತ್ತು ಬೇಗ ಮುಗಿಯುವ ಹಗಲು. ಬೆಟ್ಟದ ಬುಡದ ಈಡೇಲ್ ರೈಲು ನಿಲ್ದಾಣದಿಂದ ಅಪ್ಪರ್ ಬೂತ್ ಎಂಬ ಪುಟ್ಟ ಊರು, ಜೇಕಬ್ಸ್ ಲ್ಯಾಡರ್ ಎಂಬ ಕಲ್ಲುಮೆಟ್ಟಿಲ ಏರುದಾರಿಯ ಮೂಲಕ ಕಿಂಡರ್ ಲೋ ಎಂಬಲ್ಲಿರುವ ಭೂಮಾಪನ ಕಂಬದವರೆಗೆ ಸುಮಾರು 7 ಕಿ.ಮೀ., ಏರು ಸುಮಾರು 400 ಮೀಟರ್. ಗಂಟೆಗೆ 5 ಕಿ.ಮೀ. ನಡಿಗೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂಬುದು ಅಲ್ಲಿನ ಹಳೆಯ ಲೆಕ್ಕ. ಅದರಂತೆ ಎರಡು ಗಂಟೆ ಸಾಕು. ಒದ್ದೆ ನೆಲ, ಎದುರುಗಾಳಿ, ಊಟ ಸೇರಿಸಿ ಮೂರು ಎಂದಿಟ್ಟುಕೊಳ್ಳಿ. ಡಿಸೆಂಬರ್ ಕೊನೆಯಲ್ಲಿ ಹಗಲು ಏಳೂವರೆ ಗಂಟೆ ಮಾತ್ರ, ಸಂಜೆ ನಾಲ್ಕರ ಒಳಗೇ ಸೂರ್ಯ ಮುಳುಗುತ್ತಾನೆ. ಆದ್ದರಿಂದ ಬೆಳಿಗ್ಗೆ 9ಕ್ಕೆ ಹೊರಡಿ. ಮಧ್ಯಾಹ್ನ 12:30ಕ್ಕೆ ಎಲ್ಲೇ ಇದ್ದರೂ ಹಿಂತಿರುಗಿ. ತಲೆಗೆ ಕಟ್ಟುವ ಟಾರ್ಚ್ ಚೀಲದಲ್ಲಿರಲಿ.

ಜೀನ್ಸ್, ಹತ್ತಿಯ ಬನಿಯನ್ ಬೇಡ. ಹತ್ತಿ ನೆನೆದರೆ ಒಣಗುವುದಿಲ್ಲ, ಗಾಳಿಗೆ ಮೈ ಶಾಖವನ್ನೆಲ್ಲ ಕಳೆಯುತ್ತದೆ. ಮೈಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ಮೇಲೆ ಫ್ಲೀಸ್, ಅದರ ಮೇಲೆ ನೀರು ಇಳಿಯದ ಜಾಕೆಟ್ ಮತ್ತು ಪ್ಯಾಂಟ್. ಕೈಗವಸು ಎರಡು ಜೊತೆ, ಏಕೆಂದರೆ ಒಂದು ಒದ್ದೆಯಾಗಿಯೇ ಆಗುತ್ತದೆ.

ಪ್ರಶ್ನೆ: ಕಿಂಡರ್ ಲೋ ತನಕ ಹೋಗಿದ್ದೆವು, ಮಂಜಿನಲ್ಲಿ ನಿಜವಾದ ತುದಿ ಸಿಗಲೇ ಇಲ್ಲ. ಹುಡುಕುವುದು ಹೇಗೆ?
– ಓದುಗರು, ಲೀಡ್ಸ್

ಉತ್ತರ: ನೀವು ಮುಟ್ಟಿದ ಕಂಬ ಇರುವುದು 633 ಮೀಟರಿನಲ್ಲಿ. 636ರ ಬಿಂದು ಅಲ್ಲಿಂದ ಈಶಾನ್ಯಕ್ಕೆ, ಒಂದು ಕಿಲೋಮೀಟರಿನೊಳಗೆ, ಚಪ್ಪಟೆ ಪೀಟ್ ಬಯಲಿನ ನಡುವೆ ಇದೆ. ಪೀಟ್ ಎಂದರೆ ಸಾವಿರಾರು ವರ್ಷ ಕೊಳೆಯದೆ ಕೂಡಿಬಿದ್ದ ಪಾಚಿ, ಹುಲ್ಲು. ನೀರು ಅದನ್ನು ಕೊರೆದು ಆಳು ಮುಳುಗುವಷ್ಟು ಆಳದ ಕೊರಕಲುಗಳನ್ನು ಮಾಡಿದೆ. ದಿಕ್ಕು ತಪ್ಪುವುದು ಈ ಕೊರಕಲುಗಳಲ್ಲೇ. ಇಳಿದವರು ಹತ್ತಲು ಸುಲಭವಾದ ಕಡೆಗೆ ಸರಿಯುತ್ತಾರೆ. ಹತ್ತು ಸಲ ಹೀಗಾದರೆ ನೂರು ಮೀಟರ್ ಪಕ್ಕಕ್ಕೆ ಹೋಗಿರುತ್ತಾರೆ.

1:25,000 ಅಳತೆಯ ನಕ್ಷೆ ತನ್ನಿ. ಅದರಲ್ಲಿ 4 ಸೆಂ.ಮೀ. ಎಂದರೆ 1 ಕಿ.ಮೀ. ಕಂಪಾಸಿನ ಅಂಚನ್ನು ಕಂಬದಿಂದ ಬಿಂದುವಿಗೆ ಇಡಿ. ಒಳಗಿನ ಗೆರೆಗಳು ನಕ್ಷೆಯ ಉತ್ತರದ ಗೆರೆಗಳಿಗೆ ಸಮವಾಗುವ ತನಕ ಬಿಲ್ಲೆ ತಿರುಗಿಸಿ, ಆಮೇಲೆ ನಕ್ಷೆ ಮಡಚಿ, ಕೆಂಪು ಮುಳ್ಳು ಕೆಳಗಿನ ಬಾಣದೊಳಗೆ ಕೂರುವವರೆಗೆ ನೀವೇ ತಿರುಗಿ. ಮುಂದೆ ಕಾಣುವ ಕಲ್ಲನ್ನೋ ಹುಲ್ಲಿನ ಗುಪ್ಪೆಯನ್ನೋ ಗುರುತು ಹಿಡಿದು ಅಲ್ಲಿಗೆ ನಡೆಯಿರಿ. ಕೊರಕಲಿಗೆ ಇಳಿಯುವ ಮೊದಲೇ ಆಚೆ ದಡದಲ್ಲಿ ಗುರುತು ಇಟ್ಟುಕೊಳ್ಳಬೇಕು. ಇದನ್ನು ಮರೆತರೆ ಉಳಿದೆಲ್ಲ ಶ್ರಮ ವ್ಯರ್ಥ. ನೂರು ಮೀಟರಿಗೆ ನಿಮ್ಮ ಎಡಗಾಲು ಎಷ್ಟು ಸಲ ನೆಲ ಮುಟ್ಟುತ್ತದೆಂದು ಮನೆ ಹತ್ತಿರ ಎಣಿಸಿಟ್ಟುಕೊಳ್ಳಿ, ಹಲವರಿಗೆ 60–70. ಪೀಟಿನಲ್ಲಿ ಹೆಚ್ಚಾಗುತ್ತದೆ. ಮೊಬೈಲನ್ನು ಕಂಪಾಸಿನ ಪಕ್ಕ ಹಿಡಿಯಬೇಡಿ, ಮುಳ್ಳು ಎಳೆಯುತ್ತದೆ.

ದಾರಿ ಪೂರ್ತಿ ತಪ್ಪಿ ಪೆಟ್ಟೂ ಆದರೆ ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ ಪೊಲೀಸ್, ಬಳಿಕ ಮೌಂಟನ್ ರೆಸ್ಕ್ಯೂ (ಬೆಟ್ಟದ ರಕ್ಷಣಾ ತಂಡ) ಕೇಳಿ. ಸಿಗ್ನಲ್ ಇಲ್ಲವಾದರೆ ನಿಮಿಷದಲ್ಲಿ ಆರು ಸಲ ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಆರು.

ಪ್ರಶ್ನೆ: ದಾರಿ ಬಿಟ್ಟು ಬಯಲಲ್ಲಿ ನಡೆದರೆ ಯಾರಾದರೂ ತಡೆಯುತ್ತಾರೆಯೇ?
– ಓದುಗರು, ಧಾರವಾಡ

ಉತ್ತರ: ಇಲ್ಲ. 1932ರ ಏಪ್ರಿಲ್ 24ರಂದು ಹೇಫೀಲ್ಡ್‌ನಿಂದ ನೂರಾರು ಜನ ನಡೆಯುವ ಹಕ್ಕಿಗಾಗಿ ಈ ಬೆಟ್ಟ ಏರಿದಾಗ ಜಮೀನಿನ ಒಡೆಯರ ಕಾವಲುಗಾರರು ತಡೆದಿದ್ದರು, ಐವರು ಜೈಲಿಗೆ ಹೋದರು. ಈಗ 2000ನೇ ಇಸವಿಯ ಗ್ರಾಮಾಂತರ ಮತ್ತು ದಾರಿ ಹಕ್ಕುಗಳ ಕಾಯ್ದೆಯಂತೆ ಇದು ನಡೆಯಲು ಮುಕ್ತವಾದ ನೆಲ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿರುವುದರಿಂದ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯ ಹಗ್ಗ 2 ಮೀಟರ್ ಮೀರಬಾರದು. ಬೆಂಕಿ ಯಾವ ಕಾಲದಲ್ಲೂ ಬೇಡ. ಒಣ ಪೀಟ್ ನೆಲದೊಳಗೇ ಉರಿದು ದಿನಗಟ್ಟಲೆ ಹಬ್ಬುತ್ತದೆ.