ಲೈವ್ ಮ್ಯಾಚ್ ಮಾತ್ರ ನಿಂತು ನಿಂತು ಬರೋದು ಯಾಕೆ?

ಫೋನಿನಲ್ಲಿ ಇಂಟರ್ನೆಟ್ ವೇಗ 100 ಎಂಬಿಪಿಎಸ್ ತೋರಿಸುತ್ತದೆ, ಸಿನಿಮಾ ಸರಾಗ, ಟಿವಿಯಲ್ಲಿ ಲೈವ್ ಮ್ಯಾಚ್ ಹಾಕಿದರೆ ಮಾತ್ರ ಚಕ್ರ ಸುತ್ತುತ್ತದೆ ಅಂದಿರಿ, ಅಲ್ವಾ? ಸಿನಿಮಾವನ್ನು ಆ್ಯಪ್ ಮುಂಚೆಯೇ ಒಂದಷ್ಟು ತುಂಬಿಟ್ಟುಕೊಳ್ಳುತ್ತದೆ. ಲೈವ್‌ನಲ್ಲಿ ಮುಂದಿನ ಬಾಲ್ ಇನ್ನೂ ಬಿದ್ದೇ ಇಲ್ಲ, ತುಂಬಿಡೋದು ಎಲ್ಲಿಂದ? ವೈಫೈ ಸ್ವಲ್ಪ ತಡವರಿಸಿದರೂ ಚಿತ್ರ ನಿಲ್ಲುತ್ತದೆ.

ಪ್ಲಾನ್ ದೊಡ್ಡದು ಮಾಡಬೇಡಿ, ಸುಮ್ನೆ ದುಡ್ಡು ದಂಡ. ಎಚ್‌ಡಿಗೆ 10 ಎಂಬಿಪಿಎಸ್ ಧಾರಾಳ. ವೇಗವನ್ನು ಟಿವಿಯಲ್ಲೇ, ಮ್ಯಾಚ್ ಹೊತ್ತಿನಲ್ಲೇ ಅಳೆಯಿರಿ. ಕಡಿಮೆ ಬಂದರೆ ರೂಟರಿನಿಂದ ಟಿವಿಗೆ ಲ್ಯಾನ್ ಕೇಬಲ್ ಎಳೆಯಿರಿ. ಆಗದಿದ್ದರೆ ಟಿವಿಯನ್ನು ರೂಟರಿನ 5 ಗಿಗಾಹರ್ಟ್ಸ್ ವೈಫೈಗೆ (ವೇಗದ ಬ್ಯಾಂಡ್) ಹಾಕಿ. ಗೋಡೆ ದಾಟೋದರಲ್ಲಿ ಅದು ಸೋಮಾರಿ, ನೆನಪಿರಲಿ. ನಮ್ಮನೆ ರೂಟರ್ ಟಿವಿಯ ಬೆನ್ನಿಗೇ ಅಂಟಿಕೊಂಡಿತ್ತು. ಎರಡಡಿ ಪಕ್ಕಕ್ಕೆ ಸರಿಸಿದೆ, ಸರಿಹೋಯಿತು.

ಕೇಬಲ್ ಹಾಕಿದರೂ ನಿಂತರೆ ತೊಂದರೆ ಮನೆಯ ಹೊರಗಿರಬಹುದು. ಆಗ ಆ್ಯಪ್‌ನಲ್ಲಿ ಚಿತ್ರದ ಗುಣಮಟ್ಟ 720ಪಿಗೆ ಇಳಿಸಿ ನೋಡಿ.