ಒಂದು ಸ್ಟಾರ್ ಬಿತ್ತು, ಈಗೇನು ಮಾಡಲಿ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ನಮ್ಮದು ಸಣ್ಣ ಸಸ್ಯಾಹಾರಿ ಹೋಟೆಲು. ಗೂಗಲ್ ಮ್ಯಾಪ್‌ನಲ್ಲಿ ಯಾರೋ ಒಂದು ಸ್ಟಾರ್ ಕೊಟ್ಟು, 'ಸಾಂಬಾರು ತಣ್ಣಗಿತ್ತು, ಹೇಳಿದ್ದಕ್ಕೆ ಸಿಡುಕಿದರು' ಎಂದು ಮಲಯಾಳದಲ್ಲಿ ಬರೆದಿದ್ದಾರೆ. 8,000 ರೂಪಾಯಿ ಕೊಟ್ಟರೆ ಅದನ್ನು ಅಳಿಸಿ, ಐವತ್ತು ಒಳ್ಳೆಯ ರಿವ್ಯೂ ಹಾಕಿಸುವುದಾಗಿ ಒಬ್ಬರು ಹೇಳುತ್ತಾರೆ. ಕೊಡಲೇ?

ಉತ್ತರ: ಒಂದು ಕಾಸೂ ಕೊಡಬೇಡಿ. ಮಂಜೇಶ್ವರದಿಂದ ಚೆರ್ಕಳದವರೆಗೆ ಈ ತಿಂಗಳು ಇದನ್ನೇ ಕೇಳಿದವರಲ್ಲಿ ನೀವು ನಾಲ್ಕನೆಯವರು. ರಿವ್ಯೂ ಅಳಿಸಲು ಆಗುವುದು ಬರೆದವರಿಗೆ, ಇಲ್ಲವೇ ಗೂಗಲ್‌ಗೆ. ಗೂಗಲ್ ಕೂಡ ಬೈಗುಳ, ಬೆದರಿಕೆ, ಬಾರದೆಯೇ ಬರೆದ ಸುಳ್ಳು, ಪೈಪೋಟಿಯವರ ಕೈವಾಡ ಇಂಥದ್ದನ್ನಷ್ಟೇ ತೆಗೆಯುತ್ತದೆ. ದೂರು ಕೊಡುವ ಗುಂಡಿ ಆ ರಿವ್ಯೂ ಪಕ್ಕದಲ್ಲೇ ಉಂಟು, ಅದಕ್ಕೆ ದುಡ್ಡಿಲ್ಲ. ಸಾಂಬಾರು ತಣ್ಣಗಿತ್ತು ಎಂಬುದು ಗಿರಾಕಿಯ ಅನುಭವ. ಅದು ಅಲ್ಲೇ ಇರುತ್ತದೆ.

ಇನ್ನು ಆ ಐವತ್ತು. ನಕಲಿ ಎಂದು ಗೊತ್ತಾದರೆ ಗೂಗಲ್ ಅವನ್ನು ಕಿತ್ತುಹಾಕುತ್ತದೆ, ಸ್ವಲ್ಪ ಕಾಲ ಹೊಸ ರಿವ್ಯೂ ಬಾರದಂತೆ ತಡೆಯಬಹುದು, ನಿಮ್ಮ ಪ್ರೊಫೈಲ್ ಮೇಲೆಯೇ ಎಚ್ಚರಿಕೆಯ ಸಾಲು ಹಾಕಬಹುದು. ಗೂಗಲ್ ಬಿಡಿ, ಜನರಿಗೇ ಗೊತ್ತಾಗುತ್ತದೆ. ಚಂದ್ರಗಿರಿ ಹೊಳೆ ಎಲ್ಲಿದೆಯೆಂದೂ ತಿಳಿಯದವರು ಒಂದೇ ರಾತ್ರಿ ಸಾಲಾಗಿ 'ಸೂಪರ್' ಎಂದು ಬರೆದರೆ ನಂಬುವವರು ಯಾರು? ಇದನ್ನು ಮಾರ್ಕೆಟಿಂಗ್ ಎಂದು ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಸಣ್ಣ ಹೋಟೆಲಿನವರಿಗೆ 8,000 ಎಂದರೆ ಎಷ್ಟು ಊಟದ ಲಾಭ ಎಂಬುದು ಅವರಿಗೂ ಗೊತ್ತು.

ಮೊದಲು ಆ ದಿನ ಬಡಿಸಿದವರು ಯಾರೆಂದು ವಿಚಾರಿಸಿ. ಸಿಡುಕಿದ್ದು ನಿಜವಾದರೆ ರಿವ್ಯೂ ಕೆಳಗೇ ಉತ್ತರ ಬರೆಯಿರಿ, ಅದೂ ಮಲಯಾಳದಲ್ಲಿ. 'ಸಾಂಬಾರು ತಣ್ಣಗಿದ್ದದ್ದು ನಮ್ಮ ತಪ್ಪು. ನಿಮ್ಮೊಂದಿಗೆ ಹಾಗೆ ಮಾತಾಡಬಾರದಿತ್ತು. ಈಗ ಬಿಸಿ ಮಾಡಿಯೇ ಬಡಿಸುತ್ತೇವೆ, ಮತ್ತೊಮ್ಮೆ ಬನ್ನಿ.' ಇಷ್ಟು ಸಾಕು. ಯಂತ್ರದ ಅನುವಾದ ಹಾಕುವ ಮೊದಲು ಮಲಯಾಳ ಚೆನ್ನಾಗಿ ಬಲ್ಲ ಒಬ್ಬರಿಗೆ ತೋರಿಸಿ. ಅದನ್ನು ಓದುವವರು ಆ ಒಬ್ಬ ಗಿರಾಕಿ ಮಾತ್ರವಲ್ಲ. ಕುಂಬಳೆ ಸ್ಟೇಷನ್‌ನಲ್ಲಿ ಇಳಿದು, ಅನಂತಪುರ ದೇವಸ್ಥಾನಕ್ಕೆ ಹೋಗುವ ಮೊದಲು ಊಟ ಎಲ್ಲಿ ಎಂದು ಫೋನ್ ನೋಡುವವರೂ ಓದುತ್ತಾರೆ.

ನಮ್ಮ ಕಾಸರಗೋಡು ಏಳು ಭಾಷೆಯ ನೆಲ. ಗಲ್ಲಾದಲ್ಲಿ ಕೂತು ಒಬ್ಬರೊಂದಿಗೆ ತುಳು, ಇನ್ನೊಬ್ಬರೊಂದಿಗೆ ಮಲಯಾಳ, ಮತ್ತೊಬ್ಬರೊಂದಿಗೆ ಕೊಂಕಣಿ ಮಾತಾಡುವ ನಾವು ಫೋನಿನಲ್ಲಿ ಮಾತ್ರ ಎಲ್ಲರಿಗೂ ಅದೇ 'ಥ್ಯಾಂಕ್ಸ್ ಫಾರ್ ಯುವರ್ ಫೀಡ್‌ಬ್ಯಾಕ್' ಅಂಟಿಸುತ್ತೇವೆ. ನನಗದು ಸರಿಕಾಣುವುದಿಲ್ಲ. ಉಂಡು ಸಂತೋಷಪಟ್ಟವರಲ್ಲಿ ರಿವ್ಯೂ ಬರೆಯಿರೆಂದು ಬಾಯಿಬಿಟ್ಟು ಕೇಳಿ, ತಪ್ಪಿಲ್ಲ. ಬರೆದರೆ ಕಾಫಿ ಪುಕ್ಕಟೆ ಎನ್ನಬೇಡಿ, ಗೂಗಲ್ ನಿಯಮ ಅದನ್ನು ಒಪ್ಪುವುದಿಲ್ಲ.

ಪ್ರಶ್ನೆ: ಇನ್‌ಸ್ಟಾಗ್ರಾಮ್‌ನಲ್ಲಿ ಹತ್ತು ಸಾವಿರ ಫಾಲೋವರ್ಸ್ ಕೊಂಡರೆ ನಮ್ಮ ಹಲಸಿನ ಹಪ್ಪಳ ಹೆಚ್ಚು ಹೋದೀತೇ?

ಉತ್ತರ: ಇಲ್ಲ.

ಪ್ರಶ್ನೆ: ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್‌ನಲ್ಲಿ 256 ಜನರಿಗೆ ನಮ್ಮ ಹಪ್ಪಳದ ಸುದ್ದಿ ಕಳಿಸಿದೆ, ಹೆಚ್ಚಿನವರಿಗೆ ತಲುಪಲೇ ಇಲ್ಲ. ಏಕೆ?

ಉತ್ತರ: ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುತ್ತದೆ. ಹಪ್ಪಳದ ಕಟ್ಟಿನ ಮೇಲೆ ನಂಬರ್ ದೊಡ್ಡದಾಗಿ ಅಚ್ಚು ಹಾಕಿ, ಸೇವ್ ಮಾಡಲು ಹೇಳಿ.

ಪ್ರಶ್ನೆ: ರೀಲ್ಸ್ ಮಾಡುವ ಹುಡುಗನಿಗೆ ದುಡ್ಡು ಕೊಟ್ಟಿದ್ದೇವೆ. ಅದು ಜಾಹೀರಾತು ಎಂದು ಹೇಳಲೇಬೇಕೇ?

ಉತ್ತರ: ಹೇಳಲೇಬೇಕು, ಅದೂ ಎದ್ದು ಕಾಣುವಂತೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಮಾರ್ಗಸೂಚಿ ತಂದಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಮೊದಲ ಸಲಕ್ಕೇ 10 ಲಕ್ಷ ರೂಪಾಯಿವರೆಗೆ ದಂಡ ಉಂಟು.